ಹೊಸ್ತಿಲ ಮೇಲಿನ ನಿಂಬೆಹಣ್ಣು

ನಿನ್ನೆ ರಾಯಬಾಗದ ಬಸ್‌ಸ್ಟ್ಯಾಂಡಿನ ಹತ್ತಿರ, ಮೂರು ದಾರಿ ಕೂಡುವಲ್ಲಿ, ಕುಂಕುಮ ಹಚ್ಚಿದ ನಿಂಬೆಹಣ್ಣೊಂದು ಬಿದ್ದಿತ್ತು. ನಾನು ಸ್ಕೂಟರ್ ಇಳಿದು, ತಳ್ಳಿಕೊಂಡು ಸುತ್ತು ಹಾಕಿ ಹೋದೆ. ಹಿಂದೆ ಬಂದ ಹುಡುಗಿಯೊಬ್ಬಳು ಅದರ ಮೇಲೇ ಗಾಡಿ ಹಾಯಿಸಿ ಹೋದಳು. ಮನೆ ಮುಟ್ಟುವ ತನಕ ನನಗೆ ಅವಳದೇ ಚಿಂತೆ. ಅತ್ತಿಗೆಯ ಸಲುಗೆಯಿಂದ ನಾನು ವೈನಿ ಎಂದು ಕರೆಯುತ್ತಿದ್ದ ಎದುರು ಮನೆಯಾಕೆ ನೆನಪಾದದ್ದೂ ಆಗಲೇ...

ವೈನಿ ಮತ್ತು ಅವರ ಗಂಡ ಮನೆಯ ಮುಂಭಾಗದಲ್ಲೇ ಟೇಲರ್ ಅಂಗಡಿ ಇಟ್ಟಿದ್ದರು. ಗಂಡನಿಗೆ ನಿಪ್ಪಾಣಿಯಲ್ಲಿ ಒಬ್ಬಳಿದ್ದಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ವೈನಿಗೂ. ಅವನು ಅಲ್ಲಿಂದ ಬಂದರೆ ಅಂಗಿ ಮೂಸಿ ನೋಡಿಯೇ ಒಗೆಯಲು ಹಾಕುತ್ತಿದ್ದರು. ಆದರೂ ಅವನ ತಾಟು ಇಡುವುದನ್ನು ಬಿಟ್ಟಿರಲಿಲ್ಲ. ಮನೆಗೆ ಬಂದರೆ ಸಾಕು ಎಂಬುದಷ್ಟೇ ಆಸೆ.

ಎರಡು ಸಾವಿರದ ಐದೋ ಆರೋ ಇರಬೇಕು. ಒಂದು ಬೆಳಿಗ್ಗೆ ಗಂಡ ನಿಪ್ಪಾಣಿಯಿಂದ ಬಂದು ಕೂಗಿದ. ವೈನಿ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಗುಂಡುಸೂಜಿ ಚುಚ್ಚಿದ ನಿಂಬೆಹಣ್ಣು, ಸುತ್ತ ಕೂದಲು.

"ಮಾಟ ಮಾಡ್ಯಾರ. ಇದನ್ನ ತೆಗಸೂತನಕಾ ನಾ ದಾಟಂಗಿಲ್ಲ," ಎಂದ ಗಂಡ. "ಚಿಂಚಲಿಯಿಂದ ತಿಳದವರನ್ನ ಕರಕೊಂಡ ಬರ್ತೀನಿ. ನೀ ಮುಟ್ಟಬ್ಯಾಡ."

ನಮ್ಮಲ್ಲಿ ಪದ್ಧತಿಯೂ ಅದೇ. ಯಾರ ಬಾಗಿಲಿಗೆ ಇಟ್ಟಿದ್ದಾರೋ ಅವರು ಕೈ ಹಚ್ಚಬಾರದು, ಬಲ್ಲವರು ಬಂದು ಎತ್ತಬೇಕು. ವೈನಿ ಅದರ ಮೇಲೆ ಬುಟ್ಟಿ ಬೋರಲು ಹಾಕಿ ಕಾದರು, ಹಿತ್ತಲ ಬಾಗಿಲಿಂದ ಓಡಾಡಿದರು. ಗಿರಾಕಿಗಳು ನಿಂತುಹೋದರು. ಡಿಗ್ರಿ ಪಾಸಾದ ನಾನೂ ಎದುರು ಗೋಡೆಗೆ ಮೈ ಒತ್ತಿಕೊಂಡೇ ಹೋಗುತ್ತಿದ್ದೆ. ಗಂಡ ಮಾತ್ರ ಬರಲಿಲ್ಲ...

ಒಂದು ಮಧ್ಯಾಹ್ನ ವೈನಿ ಬುಟ್ಟಿ ಸರಿಸಿ, ಒಣಗಿದ ಹಣ್ಣನ್ನು ಬರಿಗೈಯಲ್ಲಿ ಎತ್ತಿಕೊಂಡರು.

"ವೈನಿ, ಬಿಡ್ರಿ," ಎಂದೆ, ನಮ್ಮ ಕಟ್ಟೆಯಿಂದಲೇ.

"ಸೂಜಿ ನೋಡ್ರಿ ಭಾವಜಿ. ಹಸರ ಮಣಿ ತಲೀವು. ಕೊಲ್ಲಾಪುರದಿಂದ ನಾನ ತರಿಸಿದ್ದು. ನಮ್ಮ ಅಂಗಡೀವ."

"ಒಯ್ದು ನಿಪ್ಪಾಣಿ ಆಕಿಗೆ ಕೊಟ್ಟಿರಬೇಕ್ರಿ," ಎಂದೆ.

"ಆಕಿಗೆ ಕೊಟ್ಟಿದ್ರೂ ಅಷ್ಟ, ಅವರ ತಾವ ಚುಚ್ಚಿದ್ರೂ ಅಷ್ಟ. ಅವರಿಗೆ ಮನಿಗೆ ಬರೂ ಮನಸ್ಸ ಇರಲಿಲ್ರಿ."

ಅಳಲಿಲ್ಲ. ಸೂಜಿಗಳನ್ನು ಕಿತ್ತು, ಸೆರಗಿಗೆ ಒರೆಸಿ, ಹೊಲಿಯಲು ಉಳಿದಿದ್ದ ಒಂದು ಜಂಪರಿಗೆ ಚುಚ್ಚುತ್ತ ಕುಳಿತರು. ಅದು ನನ್ನ ಹೆಂಡತಿಯದು. ಅವಳು ಅದನ್ನು ತೊಟ್ಟಾಗಲೆಲ್ಲ ನಾನು ಹಣೆ ಮುಟ್ಟಿ ಜ್ವರ ನೋಡುತ್ತಿದ್ದೆ.

ಮುಂದೆ ಎಷ್ಟೋ ವರ್ಷ ವೈನಿ ಒಬ್ಬರೇ ಅಂಗಡಿ ನಡೆಸಿದರು. ಹೋದ ವರ್ಷ ತೀರಿಕೊಂಡರು. ಗಂಡನಿಗೆ ಫೋನ್ ಮಾಡಿದವನು ನಾನೇ. "ಬರ್ತೀನಿ" ಎಂದ. ಸಂಜೆಯವರೆಗೆ ಕಾದು, ಹೆಣ ಎತ್ತಿದೆವು.

ಈಗ ಎದುರಿನ ಬಾಗಿಲಿಗೆ ಕೀಲಿ ಬಿದ್ದಿದೆ. ಬೆಳಿಗ್ಗೆ ಚಹಾ ಹಿಡಿದು ಕಟ್ಟೆಗೆ ಬಂದರೆ ಮೊದಲು ಕಾಣುವುದು ಅದೇ. ದಾರಿಹೋಕರ ಬಗ್ಗೆಯೂ ಚಿಂತೆ ಮಾಡುವವನು ನಾನು... ಆ ಕೀಲಿ ನೋಡಿದರೆ ಮಾತ್ರ ಏನೂ ಅನಿಸುವುದಿಲ್ಲ. ಚಹಾ ಕುಡಿದು ಒಳಗೆ ಬರುತ್ತೇನೆ.