ಬರಗಾನ್‌ನಿಂದ ಉದಗೀರಕ್ಕೆ: ಮಿತ್ರಪ್ಪನ ಮೈದಾನ

ಬೆಳಗಿನ ಐದೂಕಾಲು. ಮಹಾರಾಷ್ಟ್ರದ ಗಡಿಯೂರು ಉದಗೀರದಿಂದ ಜಳಕೋಟಕ್ಕೆ ಹೋಗುವ ರಸ್ತೆಯ ಪಕ್ಕದ ಶಾಲಾ ಮೈದಾನದಲ್ಲಿ ಆರಡಿ ಎತ್ತರದ ಮನುಷ್ಯರೊಬ್ಬರು ಬುಟ್ಟಿ ಹಿಡಿದು, ನೆಲ ನೋಡುತ್ತ ನಡೆಯುತ್ತಿದ್ದಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಬಲಗಾಲು ಪೂರ್ತಿ ಮಡಚುವುದಿಲ್ಲ. ಅದನ್ನು ಮುಂದಕ್ಕೆ ಚಾಚಿ, ಎಡ ಮೊಣಕಾಲೂರಿ ಕೂತು, ಎರೆಮಣ್ಣಿನ ಬಿರುಕಿಗೆ ಮುಷ್ಟಿ ಇಳಿಸಿ ನೋಡುತ್ತಾರೆ. ಮುಷ್ಟಿ ಒಳಗೆ ಹೋದರೆ ಬುಟ್ಟಿಯ ಮುರುಮ, ಅಂದರೆ ಗರಸು ಮಣ್ಣು, ಸುರಿದು ಹಿಮ್ಮಡಿಯಿಂದ ತುಳಿಯುತ್ತಾರೆ. ಎರಡೇ ಬೆರಳು ಹೋದರೆ ಎದ್ದು ಮುಂದಿನ ಬಿರುಕಿಗೆ ನಡೆಯುತ್ತಾರೆ.

“ಎರಡು ಬೆರಳಿಂದು ಏನೂ ಮಾಡಂಗಿಲ್ರಿ. ಮುಷ್ಟಿ ಹೋಗೋದು ಖರೆ ಧೋಕಾ. ಅದ್ರಾಗ ಕಾಲು ಸಿಗ್ತದ, ಮೈ ತಿರುಗ್ತದ, ಆಟ ಖತಂ,” ಎನ್ನುತ್ತಾರೆ. ಮಾತು ಅಪ್ಪಟ ಭಾಲ್ಕಿ-ಉದಗೀರದ ಕಡೆಯದು. ನಡುನಡುವೆ ಮರಾಠಿ ಬಂದು ಹೋಗುತ್ತದೆ. ಕಣ್ಣು ಮಾತ್ರ ತಿಳಿ ನೀಲಿ.

ಶಾಲೆಯ ಹಾಜರಿ ಪುಸ್ತಕದಲ್ಲಿ ಇವರು ದುಮಿತ್ರು ಪ್ಲೆಶಾನು. ಊರವರ ಬಾಯಲ್ಲಿ ಮಿತ್ರಪ್ಪ. ರೊಮೇನಿಯಾ ದೇಶದವರು, ವಯಸ್ಸು ನಲವತ್ತನಾಲ್ಕು. ಹದಿನಾಲ್ಕು ವರ್ಷ, ನಾಲ್ಕು ದೇಶಗಳಲ್ಲಿ, ಫುಟ್ಬಾಲ್ ಆಡಿಯೇ ಹೊಟ್ಟೆ ಹೊರೆದವರು. ಈಗ ವಾರಕ್ಕೆ ನಾಲ್ಕು ದಿನ ಉದಗೀರದಲ್ಲಿ, ಒಂದು ದಿನ ನಿಲಂಗಾದಲ್ಲಿ, ಒಂದು ದಿನ ಉಮರಗಾದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಎಸ್‌ಟಿ ಬಸ್ಸಿನ ಹಿಂದಿನ ಸೀಟಿನಲ್ಲಿ, ಬಲೆಯ ಚೀಲದಲ್ಲಿ ಆರು ಚೆಂಡು ತುಂಬಿಕೊಂಡು ಅವರು ಕೂತಿರುವುದನ್ನು ಈ ದಾರಿಯ ಕಂಡಕ್ಟರುಗಳೆಲ್ಲ ಬಲ್ಲರು. ಮೂರೂ ಊರು ಸೇರಿ ಐವತ್ತೊಂದು ಮಕ್ಕಳು. ಅದರಲ್ಲಿ ಹುಡುಗಿಯರೇ ಇಪ್ಪತ್ತೊಂಬತ್ತು. ಈ ಮೇ ತಿಂಗಳಲ್ಲಿ ದಿನಕ್ಕೆ ನಲವತ್ತು ಬುಟ್ಟಿ ಮುರುಮ ಅವರ ಲೆಕ್ಕ. ನಿನ್ನೆ ಮುಚ್ಚಿದ್ದರಲ್ಲಿ ಹತ್ತಾದರೂ ಇಂದು ಮತ್ತೆ ಬಾಯಿ ತೆರೆದಿರುತ್ತವೆ.

ಡ್ಯಾನ್ಯೂಬ್ ನದಿಯ ಉತ್ತರಕ್ಕಿರುವ ದೊಡ್ಡ ಬಯಲಿನಲ್ಲಿ ಅವರು ಹುಟ್ಟಿದ್ದು. ಆ ಬಯಲಿನ ಹೆಸರು ಬರಗಾನ್. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆಗೊಂದು ಫುಟ್ಬಾಲ್ ತಂಡವಿತ್ತು. ಹದಿನೇಳನೆಯ ವಯಸ್ಸಿಗೆ ಮಗ ಅದರ ಲೆಫ್ಟ್ ಬ್ಯಾಕ್ ಆದ. ಅದೇ ವರ್ಷ, 1989ರ ಡಿಸೆಂಬರಿನಲ್ಲಿ, ದೇಶದ ಸರಕಾರ ಉರುಳಿತು. ಕಾರ್ಖಾನೆಗಳಿಗೆ ತಂಡ ಸಾಕುವುದು ಬೇಡವಾಯಿತು.

“ಮುಂದಿನ ವರ್ಷ ನಾವು ಹದಿಮೂರೇ ಮಂದಿ ಉಳದಿದ್ವಿ. ಗೋಲ್‌ಕೀಪರ್ ಓಡಿಹೋಗಿದ್ದ. ಕ್ಯಾಂಟೀನಿನ ಅಡಿಗಿಯಂವನ ಗೋಲಿಗಿ ನಿಲ್ಲಿಸಿದ್ವಿ. ಛಲೋ ಹಿಡೀತಿದ್ದ ಬಿಡ್ರಿ,” ಎಂದು ನಗುತ್ತಾರೆ.

ಅಲ್ಲಿಂದ ಎರಡನೇ ದರ್ಜೆಯ ಎರಡು ಕ್ಲಬ್ಬುಗಳು. ಒಂದೇ ಒಂದು ವರ್ಷ ಮೊದಲ ದರ್ಜೆ. ಅಲ್ಲಿ ಹನ್ನೊಂದು ಪಂದ್ಯ. ಮುಂದಿನ ವರ್ಷ ಹೊಸ ತರಬೇತುದಾರ ಬಂದ, ಇವರ ಜಾಗಕ್ಕೆ ತನ್ನವನನ್ನು ತಂದ. ಗಡಿ ದಾಟಿ ಹಂಗೇರಿಯ ಒಂದು ಸಣ್ಣ ಊರಿನಲ್ಲಿ ಎರಡು ವರ್ಷ, ಸೈಪ್ರಸ್ ದ್ವೀಪದಲ್ಲಿ ಮೂರು, ಕೊನೆಗೆ ಒಮಾನ್. ಇಷ್ಟೂ ವರ್ಷ ಸೇರಿ ಎಷ್ಟು ಗೋಲು ಎಂದು ಕೇಳಿದೆ. “ನಾಕು. ಅದ್ರಾಗ ಒಂದು ನಮ್ಮ ಗೋಲಿಗೇ ಹೊಡದಿದ್ದು.”

ಹೊಸ ದೇಶಕ್ಕೆ ಹೋದಾಗಲೆಲ್ಲ ಮೊದಲು ಮೂರು ಮಾತು ಕಲಿಯುತ್ತಿದ್ದರಂತೆ: ‘ಹಿಂದೆ ಒಬ್ಬ ಇದ್ದಾನೆ’, ‘ಬಿಡು’, ‘ನಂದು’. ಈ ಮೂರು ಬಂದರೆ ಮೈದಾನದಲ್ಲಿ ಬದುಕಬಹುದು. “ಊಟದ ಮಾತು ಆಮ್ಯಾಲ. ಊಟಕ್ಕ ಬೆರಳು ತೋರಸಬಹುದು. ಆಟದಾಗ ಬೆರಳು ತೋರಸೂ ತನಕ ಗೋಲ್ ಆಗಿರ್ತದ.” ಉದಗೀರದ ಮಕ್ಕಳಿಗೂ ಮೊದಲ ದಿನ ಈ ಮೂರನ್ನೇ ಕೂಗಲು ಕಲಿಸುತ್ತಾರೆ. ಕನ್ನಡ, ಮರಾಠಿ, ಉರ್ದು, ಯಾವುದಾದರೂ ಸರಿ, ದೊಡ್ಡ ದನಿಯಲ್ಲಿರಬೇಕು.

2003ರ ಫೆಬ್ರವರಿಯಲ್ಲಿ, ಮಸ್ಕತ್‌ನಿಂದ ಎರಡು ತಾಸಿನ ದಾರಿಯ ಒಂದು ಕಡಲೂರಿನಲ್ಲಿ, ಒಣಗಿ ಗಟ್ಟಿಯಾದ ಮೈದಾನದಲ್ಲಿ ಅವರ ಬಲಗಾಲು ನೆಲಕ್ಕೆ ಕಚ್ಚಿಕೊಂಡಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿಯಿತು. ಮೂವತ್ತೊಂದನೆಯ ವಯಸ್ಸಿಗೆ ಆಟ ಮುಗಿಯಿತು. ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡ ನರ್ಸ್ ಸುಗಂಧಾ. ಉದಗೀರದ ಮೋಂಢಾದಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಅಡತಿ ಅಂಗಡಿ ಇಟ್ಟಿರುವ ವಿಶ್ವನಾಥಪ್ಪನವರ ಮಗಳು.

“ಮೊಣಕಾಲು ಎಷ್ಟು ಮಡಚತದ ಅಂತ ದಿನಾ ಅಳೀತಿದ್ದೆ,” ಎನ್ನುತ್ತಾರೆ ಸುಗಂಧಾ. “ಹತ್ತು ದಿನಕ್ಕ ಒಂದಿಷ್ಟು ಮಡಚಿತ್ತು. ಇವ್ರು ಅಳಲಿಲ್ಲ, ಬೈಲಿಲ್ಲ. ಒಂದಿನ ನಾ ಅವ್ವನ ಜೋಡಿ ಫೋನಿನ್ಯಾಗ ಮಾತಾಡ್ಲತ್ತಿದ್ದೆ. ಅದ್ಯಾವ ಭಾಷಾ ಅಂತ ಕೇಳಿದ್ರು. ಕನ್ನಡ ಅಂದೆ. ಅದ್ರಾಗ ‘ನಂದು’ ಅನ್ನೋದಕ್ಕ ಏನಂತಾರ ಅಂತ ಕೇಳಿದ್ರು. ನನಗ ನಗು ಬಂತು.”

ಎರಡು ವರ್ಷದ ಮೇಲೆ ಮದುವೆಯ ಮಾತು ಮನೆಗೆ ಮುಟ್ಟಿದಾಗ ಅಪ್ಪ ಊಟ ಬಿಟ್ಟು ಎದ್ದು ಹೋದರು. ಅಮ್ಮ ಶಿವಗಂಗಾಬಾಯಿ ಬೇರೆಯೇ ಕೇಳಿದರು. “ಹುಡುಗ ಯಾ ಕಡಿಯಾಂವ ಅಂದೆ. ಬರಗಾನ್ ಅಂದ್ಲು. ನನಗ ಬರಗಾಲ ಅಂತ ಕೇಳಸ್ತು. ಹಂಗಾದ್ರ ನಮ್ಮ ಕಡಿಯಾಂವನೇ ಬಿಡು ಅಂದೆ,” ಎಂದು ಆಕೆ ಈಗಲೂ ಹೇಳಿ ನಗುತ್ತಾರೆ.

ವಿಶ್ವನಾಥಪ್ಪ ಮದುವೆಗೆ ಬಂದರು, ಆದರೆ ಅಳಿಯನ ಜೊತೆ ಒಂದು ವರ್ಷ ಮಾತಾಡಲಿಲ್ಲ. ಊರಿಗೆ ಬಂದಿದ್ದಾಗೊಮ್ಮೆ ಮಿತ್ರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿಗೆ ಸೂರ್ಯಕಾಂತಿಯ ರಾಶಿ. ಒಂದು ಬೀಜ ಎತ್ತಿ ಹಲ್ಲಿನಲ್ಲಿ ಕಚ್ಚಿ, ಉಗುಳಿ, “ಹಸಿ ಅದ” ಎಂದರು. ಬರಗಾನ್ ಬಯಲಿನಲ್ಲೂ ಸೂರ್ಯಕಾಂತಿಯೇ ಬೆಳೆ ಎಂದು ಮಾವನಿಗೆ ಗೊತ್ತಿರಲಿಲ್ಲ. ಅವರೂ ಒಂದು ಬೀಜ ಕಚ್ಚಿ ನೋಡಿದರು. ಹಸಿಯೇ ಇತ್ತು. “ನಾಳಿ ಮುಂಜಾನಿ ಅಂಗಡಿಗಿ ಬರ್ರಿ,” ಎಂದರು. 2008ರಲ್ಲಿ ಸುಗಂಧಾ ಅವರಿಗೆ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಗಂಡಹೆಂಡತಿ ಇಲ್ಲಿಯೇ ನೆಲೆಯಾದರು.

ಜಳಕೋಟ ರಸ್ತೆಯ ಶಾಲೆ ಇವರನ್ನು ಆಟದ ಮೇಷ್ಟ್ರಾಗಿ ಸೇರಿಸಿಕೊಂಡು ಮೈದಾನ ಒಪ್ಪಿಸಿತು. ಅದು ಬರೀ ಎರೆನೆಲ. ತನ್ನ ಕಾಲು ತಿಂದಂಥ ನೆಲದ ಮೇಲೆ ಮಕ್ಕಳನ್ನು ಓಡಿಸಲು ಅವರಿಗೆ ಮನಸ್ಸು ಬರಲಿಲ್ಲ. 2010ರ ಮಳೆಗಾಲದಲ್ಲಿ ಮಾಕಣಿ ಅಣೆಕಟ್ಟಿನ ಹಿನ್ನೀರಿನ ಅಂಚಿನಿಂದ ಗರಿಕೆಯ ಬೇರು ಕಿತ್ತು, ಗೋಣಿಚೀಲದಲ್ಲಿ ತುಂಬಿ, ಬಸ್ಸು ಬದಲಿಸುತ್ತ ಹದಿನಾರು ಸಲ ಹೊತ್ತು ತಂದರು. ಗೇಣಿಗೊಂದು ಬೇರು ನೆಟ್ಟರು. ಎರಡು ವರ್ಷಕ್ಕೆ ಮೈದಾನ ಹಸಿರಾಯಿತು. ಮೂರು ತಾಲೂಕಿಗೆ ಅದೊಂದೇ ಹುಲ್ಲಿನ ಮೈದಾನ. 2012ರ ಬರದಲ್ಲೂ, ಮುಂದಿನ ಬರದಲ್ಲೂ ಶಾಲೆಯ ಬೋರಿನ ನೀರು ಹಾಯಿಸಿ ಅದನ್ನು ಉಳಿಸಿಕೊಂಡರು.

ಈ ವರ್ಷದ ಕತೆ ಬೇರೆ. ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಇದು. ಉದಗೀರದ ನಲ್ಲಿಗಳಲ್ಲಿ ಇಪ್ಪತ್ತು ದಿನಕ್ಕೊಮ್ಮೆ ನೀರು. ಶಾಲೆಯ ಬೋರಿನಲ್ಲಿ ಮಾತ್ರ, ಮಕ್ಕಳು ಕುಡಿಯುವ ನೀರಿನ ಟಾಕಿ ತುಂಬಿದ ಮೇಲೂ, ಒಂದೂವರೆ ತಾಸು ನೀರು ಉಳಿಯುತ್ತಿತ್ತು. ಹುಡುಗಿಯರ ರಾಜ್ಯ ತಂಡಕ್ಕೆ ಈ ಭಾಗದ ಆಯ್ಕೆ ಏಪ್ರಿಲ್ ಕೊನೆಗೆ ಇದೇ ಮೈದಾನದಲ್ಲಿ ಎಂದು ನಿಗದಿಯಾಗಿತ್ತು. ಹುಲ್ಲು ಇದೆ ಎಂಬ ಒಂದೇ ಕಾರಣಕ್ಕೆ. ಬೇರೆ ಊರಾದರೆ ಅಪ್ಪಂದಿರು ಹುಡುಗಿಯರನ್ನು ಕಳಿಸುವುದಿಲ್ಲ ಎಂಬುದು ಮಿತ್ರಪ್ಪನಿಗೆ ಗೊತ್ತಿತ್ತು. ಬೆಳಗ್ಗೆ ಐದಕ್ಕೆ ಬಂದು ಒಬ್ಬರೇ ಪೈಪು ಹಿಡಿಯುತ್ತಿದ್ದರು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹಿಂದಿನ ಓಣಿಯ ಮುದುಕಿ ಪ್ರಯಾಗಬಾಯಿ ಎರಡು ಕೊಡ ಹಿಡಿದು ಓಣಿ ಕಡೆಯ ಗೇಟಿನ ಹತ್ತಿರ ನಿಂತಿದ್ದರು. “ಹುಲ್ಲಿಗಿ ಹಾಕ್ಲತ್ತೀ ಏನಪ್ಪ?” ಎಂದರಂತೆ, ಅಷ್ಟೇ. ಮಿತ್ರಪ್ಪ ಎರಡೂ ಕೊಡ ತುಂಬಿ ಕಳಿಸಿದರು. ಮರುದಿನ ಹನ್ನೊಂದು ಹೆಂಗಸರು ಬಂದರು.

“ನಾ ಗೇಟ್ ಹಾಕ್ದೆ,” ಎನ್ನುತ್ತಾರೆ ಮಿತ್ರಪ್ಪ. ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡುತ್ತಾರೆ. “ಇದು ಬರೀರಿ, ಬಿಡಬ್ಯಾಡ್ರಿ. ಒಳಗಿಂದ ಕೀಲಿ ಹಾಕ್ದೆ. ಒಂಬತ್ತು ದಿನ. ಹೊರಗ ಕೊಡದ ಸಪ್ಪಳ ಕೇಳಸ್ತಿತ್ತು. ನಾ ಆ ಕಡಿ ನೋಡ್ಲಿಲ್ಲ. ಹುಡುಗ್ಯಾರ ಸಲುವಾಗಿ ಮಾಡ್ಲತ್ತೀನಿ ಅಂತ ನನಗ ನಾನೇ ಹೇಳ್ಕೊಂಡೆ. ಮನ್ಯಾಗ ಸುಗಂಧಾಗೂ ಹೇಳ್ಲಿಲ್ಲ.”

ಆ ದಿನಗಳಲ್ಲಿ ಅವರ ಗೋಲ್‌ಕೀಪರ್ ದಿನವೂ ತಡ. ಹದಿನಾರರ ಅನುಸೂಯಾ, ಮೋಂಢಾದ ಹಮಾಲ ಮಾಣಿಕಪ್ಪನವರ ಮಗಳು. ಆರಕ್ಕೆ ಬರಬೇಕಾದವಳು ಏಳಕ್ಕೆ ಬರುತ್ತಿದ್ದಳು. ಮಿತ್ರಪ್ಪನ ಶಿಸ್ತು ಗಟ್ಟಿ: ತಡವಾದರೆ ಹತ್ತು ಸುತ್ತು ಓಟ. ಅವಳು ಎದುರಾಡದೆ ಓಡಿದಳು. ಒಂಬತ್ತನೆಯ ದಿನ ಆರನೆಯ ಸುತ್ತಿಗೆ ಕೂತುಬಿಟ್ಟಳು.

“ಯಾಕ ಬರಂಗಿಲ್ಲ ಲಗೂನ, ಅಂತ ಕೇಳಿದ್ರು ಸರ್,” ಎನ್ನುತ್ತಾಳೆ ಅನುಸೂಯಾ. “ಟ್ಯಾಂಕರ್ ಕಡಿ ನಾಕಕ್ಕ ಪಾಳಿ ಹಚ್ತೀನ್ರಿ ಸರ್, ಆಯಿಗಿ ಕೊಡ ಎತ್ತಾಕ ಆಗಂಗಿಲ್ಲ ಅಂದೆ. ಆಯಿ ಯಾರು ಅಂದ್ರು. ನಮ್ಮಜ್ಜಿ, ಪ್ರಯಾಗಬಾಯಿ ಅಂದೆ. ಸರ್ ಸೀದಾ ಹೋಗಿ ಗೇಟಿನ ಕೀಲಿ ತಗದ್ರು.”

ಅಂದೇ ಮಿತ್ರಪ್ಪ ಶಾಲೆಯ ಕಾರ್ಯದರ್ಶಿಯವರ ಮನೆಗೆ ಹೋಗಿ, ಉಳಿದ ನೀರನ್ನು ಓಣಿಗೆ ಬಿಡೋಣ ಎಂದು ಕೇಳಿದರು. ಹುಲ್ಲು ಹೋದರೆ ಆಯ್ಕೆ ಶಿಬಿರವೂ ಹೋಗುತ್ತದೆ, ಯೋಚಿಸಿ ಎಂದರು ಕಾರ್ಯದರ್ಶಿ. ಯೋಚಿಸಿಯೇ ಬಂದಿದ್ದೇನೆ ಎಂದರು ಇವರು. ಮಧ್ಯಾಹ್ನದೊಳಗೆ ಪೈಪು ಗೋಡೆ ದಾಟಿ ಓಣಿಗೆ ಇಳಿಯಿತು, ಅದಕ್ಕೆ ಎರಡು ನಲ್ಲಿ ಕೂತವು. ಮನೆಗೆ ಮೂರು ಕೊಡ, ನಲವತ್ತೆರಡು ಮನೆ. ಪ್ರಯಾಗಬಾಯಿಯೇ ಪಾಳಿಯ ಮೇಲ್ವಿಚಾರಕಿ. ಜಗಳ ಬಂದರೆ ಆಕೆ ನಲ್ಲಿಯ ಮುಂದೆ ಕೂತುಬಿಡುತ್ತಾರೆ, ಜಗಳ ಮುಗಿಯುವ ತನಕ ಏಳುವುದಿಲ್ಲ.

ಒಂಬತ್ತು ದಿನದ ಗೇಟಿನ ಮಾತನ್ನು ಓಣಿಯವರು ಎತ್ತಿದರೇ? “ಒಬ್ಬಾಕಿ ಎತ್ತಿದ್ಲು,” ಎನ್ನುತ್ತಾರೆ ಪ್ರಯಾಗಬಾಯಿ. “ಹೌದವ್ವಾ, ಹಾಕಿದ್ದ, ಈಗ ತಗದಾನ, ನಿನ್ನ ಕೊಡ ಮುಂದ ತಾ ಅಂದೆ.”

ಇಪ್ಪತ್ತೆರಡು ದಿನಕ್ಕೆ ಹುಲ್ಲು ಸತ್ತಿತು. ಮೊದಲು ನಡುಮೈದಾನ, ಕೊನೆಗೆ ಗೋಲಿನ ಮುಂದಿನ ಜಾಗ. ಮಿತ್ರಪ್ಪ ದಿನಾ ಬಂದು ನೋಡಿದರು. ಆಯ್ಕೆಗೆ ಬೇರೆ ಜಿಲ್ಲೆಯ ಊರು ನಿಗದಿಯಾಯಿತು. ತಯಾರಾಗಿದ್ದ ಮೂವರು ಹುಡುಗಿಯರಲ್ಲಿ ಇಬ್ಬರ ಅಪ್ಪಂದಿರು, ಮಿತ್ರಪ್ಪ ಮನೆಮನೆಗೆ ಹೋಗಿ ಕೇಳಿದರೂ, ಒಪ್ಪಲಿಲ್ಲ. ಒಬ್ಬ ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. “ಆ ಇಬ್ಬರದು ನನ್ನ ಮ್ಯಾಲ ಅದ,” ಎನ್ನುತ್ತಾರೆ. “ಆದ್ರ ಮತ್ತ ಗೇಟ್ ಹಾಕು ಅಂದ್ರ ಹಾಕಂಗಿಲ್ರಿ. ಎರಡೂ ಖರೆ.”

ಮೂರನೆಯವಳು ಅನುಸೂಯಾ; ಅವಳ ಅಪ್ಪ ಮಾಣಿಕಪ್ಪ ಒಂದೇ ಷರತ್ತು ಹಾಕಿದರು: ಜೊತೆಗೆ ಹೆಂಗಸೊಬ್ಬರು ಹೋಗಬೇಕು. ಸುಗಂಧಾ ಆಸ್ಪತ್ರೆಗೆ ನಾಲ್ಕು ದಿನ ರಜೆ ಹಾಕಿ ಅನುಸೂಯಾಳನ್ನು ಕರೆದುಕೊಂಡು ಹೋದರು. ಎರಡನೆಯ ದಿನ ಪಟ್ಟಿ ಹಚ್ಚಿದರು. ಅವಳ ಹೆಸರಿರಲಿಲ್ಲ. ಎತ್ತರ ಸಾಲದು ಎಂದರಂತೆ.

“ಬಸ್ಸಿನ್ಯಾಗ ಇಡೀ ದಾರಿ ಕಿಡಕಿ ಕಡಿ ಮಾರಿ ಮಾಡಿ ಕುಂತಿದ್ಲು,” ಎನ್ನುತ್ತಾರೆ ಸುಗಂಧಾ. “ಉದಗೀರ ಸ್ಟ್ಯಾಂಡ್ ಬಂದ ಮ್ಯಾಲ, ಅಕ್ಕಾ, ನಾಳಿ ಮುಂಜಾನಿ ಸರ್ ಬರ್ತಾರಲ್ಲ ಅಂದ್ಲು. ಅಷ್ಟೇ.”

ಬಂದಿದ್ದಳು. ಇಂದೂ ಬಂದಿದ್ದಾಳೆ. ಆರು ಗಂಟೆಯ ಬೆಳಕಿನಲ್ಲಿ ಎರಡು ಕೋಲುಗಳ ನಡುವೆ ನಿಂತಿದ್ದಾಳೆ. ಮಿತ್ರಪ್ಪ ಹತ್ತು ಹೆಜ್ಜೆ ದೂರದಿಂದ ಎಡಗಾಲಲ್ಲಿ ಚೆಂಡು ಒದೆಯುತ್ತಾರೆ. ಅವಳು ಹಾರುತ್ತಾಳೆ, ಹಿಡಿಯುತ್ತಾಳೆ, ಮೊಣಕೈಯ ಧೂಳು ಕೊಡವಿಕೊಂಡು “ನಂದು!” ಎಂದು ಕೂಗುತ್ತಾಳೆ. ಹಿಡಿಯುವ ಮೊದಲು ಕೂಗಬೇಕು ಎಂದು ಇವರು ಬೈಯುತ್ತಾರೆ. ಗಟ್ಟಿ ನೆಲದ ಮೇಲೆ ದಿನಕ್ಕೆ ಅರವತ್ತು ಸಲ ಹಾರುತ್ತಾಳಂತೆ. ಮೊಣಕೈಗೆ ಸುಗಂಧಾ ಹಳೆಯ ಹಚ್ಚಡ ಕತ್ತರಿಸಿ ಹೊಲಿದುಕೊಟ್ಟ ಪಟ್ಟಿ ಇದೆ.

ಏಳೂವರೆಗೆ ಬಿಸಿಲು ಚುರುಗುಟ್ಟುತ್ತದೆ. ಮಕ್ಕಳು ಚೆದುರುತ್ತಾರೆ. ಹೊರಡುವ ಮುನ್ನ, ಓದುಗರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಮಿತ್ರಪ್ಪ ಕೊನೆಯ ಚೆಂಡನ್ನು ಬಲೆಯ ಚೀಲಕ್ಕೆ ಹಾಕಿದರು.

“ಹದಿನಾಕು ವರ್ಷ ಆಡೀನ್ರಿ. ಪೇಪರಿನ್ಯಾಗ ನನ್ನ ಹೆಸರು ಬಂದದ್ದು ಒಂಬತ್ತು ಸಲ. ಆರು ಸಲ ತಪ್ಪು ಬರದಿದ್ರು. ಒಂದ್ಸಲ ನಮ್ಮಪ್ಪ ಪೇಪರ್ ಕೊಂಡು ಇಡೀ ಕಾರ್ಖಾನಿಗಿ ತೋರಿಸ್ಯಾನ, ಅದ್ರಾಗ ಬ್ಯಾರೆ ಯಾರದೋ ಹೆಸರು. ನಂದು ಈಗ ತಪ್ಪಾದ್ರೂ ನಡೀತದ. ಹುಡುಗಿ ಹೆಸರು ಬರೋಬರ್ ಬರೀರಿ. ಬರದದ್ದು ಓದಿ ತೋರಸ್ರಿ, ನನಗ ಕನ್ನಡ ಓದಾಕ ಬರಂಗಿಲ್ಲ.”

ನಾನು ನನ್ನ ಟಿಪ್ಪಣಿ ಪುಸ್ತಕ ನೋಡಿ ಓದಿದೆ: ಅನಸೂಯಾ ಮಾಣಿಕಪ್ಪ ಹುಡಗೆ, ಗೋಲ್‌ಕೀಪರ್, ಉದಗೀರ.

“ಅನ ಅಲ್ರಿ,” ಎಂದರು ಅವರು. “ಅನು. ಶಾಳಿ ದಾಖಲಿಯೊಳಗ ಹಂಗ ಅದ, ಹಾಜರಿಗಿ ದಿನಾ ಹಂಗೇ ಕೂಗ್ತಾರ.”

ನಾನು ತಿದ್ದಿದೆ. ಅವರು ಬಗ್ಗಿ, ತನಗೆ ಓದಲು ಬಾರದ ಆ ಅಕ್ಷರದ ಬಲಕ್ಕೆ ಹೊಸದಾಗಿ ಎಳೆದ ಕೊಂಬನ್ನು ಬೆರಳಿಟ್ಟು ನೋಡಿದರು. ಅನುಸೂಯಾ ಮಾಣಿಕಪ್ಪ ಹುಡಗೆ, ಗೋಲ್‌ಕೀಪರ್, ಉದಗೀರ.