ಅಪ್ಪನ ರವಿವಾರದ ಕಟ್ಲೆಟ್

ಅಪ್ಪನಿಗೆ ಪುಣೆಯ ಹತ್ತಿರ ನಿಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ರವಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಗೆಳೆಯರನ್ನು ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಅವರು ಕೂರುವಷ್ಟರಲ್ಲಿ ಚಿಕನ್ ಕಟ್ಲೆಟ್ ಬಿಸಿಬಿಸಿಯಾಗಿ ತಟ್ಟೆಗೆ ಬೀಳಬೇಕು. ಕಚ್ಚಿದರೆ ಸಪ್ಪಳ ಕೇಳಬೇಕು. ಮಾಡುವವಳು ಅವ್ವ. ಅವಳು ಹುಟ್ಟಿದಾಗಿನಿಂದ ಮಾಂಸ ತಿಂದವಳಲ್ಲ.

ಅವಳ ತವರಿನವರು ಪಂಢರಪುರಕ್ಕೆ ನಡೆದು ಹೋಗುವವರು. ಮನೆಯೊಳಗೆ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಮದುವೆಯಾಗಿ ಬಂದಾಗ ಅವ್ವನ ಕೊರಳಲ್ಲಿ ತುಳಸಿಮಾಲೆ ಇತ್ತಂತೆ. "ತಾಳಿ ಅದ ಅಲಾ, ಸಾಕು" ಎಂದು ಅಪ್ಪ ಅದನ್ನು ತೆಗೆಸಿದ್ದ.

ಸೆರಗಿನಿಂದ ಮೂಗು ಕಟ್ಟಿಕೊಂಡು ಅವ್ವ ಕೋಳಿಯ ಎದೆಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಲಟ್ಟಣಿಗೆಯಿಂದ ಬಡಿದು ಹಾಳೆಯಂತೆ ತೆಳ್ಳಗೆ ಮಾಡುತ್ತಿದ್ದಳು. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಸವರಿ ಬಿಡುವುದು. ಆಮೇಲೆ ಮೈದಾ, ಒಡೆದ ಮೊಟ್ಟೆ, ಕೊನೆಗೆ ಬಿಸಿಲಲ್ಲಿ ಒಣಗಿಸಿ ಕುಟ್ಟಿದ ಪಾವ್ ಬ್ರೆಡ್ಡಿನ ಪುಡಿ. ಎಣ್ಣೆಗೆ ಬಿಡುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ರವಿವಾರ ಅಪ್ಪ ಅವಳನ್ನು ಗೆಳೆಯರು ಕೂತಿದ್ದ ಹೊರಕೋಣೆಗೆ ಕರೆದ. ನಾನಾಗ ಶಾಲೆಗೆ ಹೋಗುವ ಹುಡುಗಿ.

"ಉಪ್ಪು ಹೆಂಗದ, ತಿಂದು ಹೇಳು."

"ನಾ ತಿನ್ನಂಗಿಲ್ಲಲ್ರಿ."

"ರುಚಿ ನೋಡಲಾರದ ಅಡಿಗಿ ಎಂಥಾದ್ದು? ತಿನ್ನು."

ಗೆಳೆಯರಲ್ಲಿ ಒಬ್ಬ "ಬಿಡ್ರಿ ಶೇಟ್" ಎಂದ, ಎನ್ನುತ್ತಲೇ ನಗುತ್ತಿದ್ದ. ಅವ್ವ ನಿಂತೇ ಕಚ್ಚಿದಳು, ಅಗಿದಳು, ನುಂಗಿದಳು. "ಕಮ್ಮಿ ಅದರಿ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಬಚ್ಚಲಲ್ಲಿ ನಳದ ನೀರು ಬಹಳ ಹೊತ್ತು ಸುರಿಯಿತು. ಅಂದಿನಿಂದ ಪ್ರತಿ ರವಿವಾರ ಬಡಿಸುವ ಮೊದಲು ಎಲ್ಲರೆದುರು ಒಂದು ತುತ್ತು ತಿನ್ನುವುದು ಅವಳ ಪಾಲಿಗೆ ಬಂತು.

ವರ್ಷಗಳು ಕಳೆದವು. ನಾನು ಮದುವೆಯಾಗಿ ಅಲ್ಲೇ ಹತ್ತಿರದ ವಾಕಡಕ್ಕೆ ಬಂದೆ. ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು, ನುಂಗುವುದು ಕಷ್ಟವಾಯಿತು. ತೆಳ್ಳನೆಯ ಗಂಜಿ ಬಿಟ್ಟು ಬೇರೇನೂ ಬೇಡ ಎಂದರು ಡಾಕ್ಟರು.

ಆಸ್ಪತ್ರೆಯಿಂದ ಕರೆತಂದ ಮೊದಲ ರವಿವಾರ ಮಕ್ಕಳೊಂದಿಗೆ ಹೋದೆ. ಮೆಟ್ಟಿಲ ಮೇಲೇ ಕರಿದ ವಾಸನೆ ಬಂತು. ಅವ್ವ ಅಪ್ಪನ ಮಂಚದ ಸುತ್ತ ಕುರ್ಚಿ ಹಾಕಿದ್ದಳು.

"ಇಲ್ಲೇ ಕೂಡ್ರಿ. ಒಬ್ಬರೇ ಮಲಗಿ ಬ್ಯಾಸರಾಗ್ತದ ಅವರಿಗೆ."

ಮಕ್ಕಳು ಕಟ್ಲೆಟ್ ಕಚ್ಚಿದರು. ಅಪ್ಪನ ಕಣ್ಣು ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡಿತು. ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಅವ್ವ ಟವೆಲ್ಲಿನಿಂದ ಮೆತ್ತಗೆ ಒರೆಸಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಸಪ್ಪಳ ಕೇಳಸ್ತದಿಲ್ರಿ?"

ಆಮೇಲೆ ಗಂಜಿ ಕುಡಿಸಿದಳು, ಒಂದು ಹನಿಯೂ ಚೆಲ್ಲದಂತೆ. ಪ್ರತಿ ರವಿವಾರ ಹೀಗೇ.

ಕೆಲವು ತಿಂಗಳ ಮೇಲೆ ಡಾಕ್ಟರು ನುಂಗುವುದನ್ನು ಪರೀಕ್ಷಿಸಿ, ಇನ್ನು ಮೆತ್ತಗೆ ಹಿಸುಕಿದ್ದು ಏನಾದರೂ ಕೊಡಬಹುದು, ಚಿಕನ್ ಕೂಡ ಆದೀತು ಎಂದರು. ನಾನು ಪಕ್ಕದಲ್ಲೇ ಇದ್ದೆ. ಮುಂದಿನ ರವಿವಾರ ಕಟ್ಲೆಟ್ಟಿನ ಒಳಗಿನ ಮೆತ್ತನೆಯ ಭಾಗವನ್ನು ಸಾರಿನಲ್ಲಿ ಹಿಸುಕಿ ಅಪ್ಪನ ಬಾಯಿಯ ಹತ್ತಿರ ಒಯ್ದೆ. ಅವನು ಆಗಲೇ ಬಾಯಿ ತೆರೆದಿದ್ದ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಡಾಕ್ಟರೇ ಹೇಳ್ಯಾರವ್ವಾ."

"ಭಾಳ ತಿಂದಾರ ಅವರು. ಇಡು ಕೆಳಗ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಮಾತ್ರ ಬಿಡಲಿಲ್ಲ. ಅಪ್ಪ ಬಾಯಿ ತೆರೆದುಕೊಂಡೇ ಇದ್ದ. ಅವ್ವ ಅದಕ್ಕೆ ಗಂಜಿಯ ಚಮಚ ಇಟ್ಟಳು.

ಹೋದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಮೈಮೇಲೆ ಒಂದು ಹುಣ್ಣಿಲ್ಲ, ಹಾಸಿಗೆಗೆ ವಾಸನೆಯಿಲ್ಲ, ಎಂಥ ಸೇವೆ ಎಂದು ಬಂದವರೆಲ್ಲ ಅವ್ವನನ್ನು ಹೊಗಳಿದರು. ಅದು ಸುಳ್ಳಲ್ಲ.

ಕರ್ಮದ ದಿನ ಎಡೆ ಇಡುವಾಗ ಅಪ್ಪನ ತಂಗಿ ಅಡುಗೆಮನೆಗೆ ಬಂದಳು.

"ವೈನಿ, ಅಣ್ಣಗ ಕಟ್ಲೆಟ್ ಅಂದ್ರ ಜೀವ. ಎರಡಾದ್ರೂ ಕರೀರಿ."

"ಅದನ್ನ ಬಿಟ್ಟಿದ್ರು ಅವರು" ಎಂದಳು ಅವ್ವ. ಬಟ್ಟಲಲ್ಲಿ ಗಂಜಿ ತುಂಬಿ ಅವಳ ಕೈಗೆ ಕೊಟ್ಟಳು.

ಸೋದರತ್ತೆ ಅದನ್ನು ಮನೆಯ ತಾರಸಿಯ ಮೇಲಿಟ್ಟು ಕಾದಳು. ಒಂದು ಕಾಗೆಯೂ ಇಳಿಯಲಿಲ್ಲ. ಅಣ್ಣನ ಆಸೆ ಏನೋ ಉಳಿದಿದೆ ಎಂದು ಅವಳು ಬಿಸಿಲಲ್ಲಿ ಕೂತು ಅತ್ತಳು. ಕೆಳಗೆ ಅವ್ವ ತನಗೆ ಅನ್ನ ಬಡಿಸಿಕೊಂಡು ಊಟಕ್ಕೆ ಕೂತಿದ್ದಳು.