ಕೆಳಗೆ ಮರವಿಲ್ಲದ ಕಮಾನು

ಸೂರು ಹಾಕುವ ಮನೆಗೆ ಎಲ್ಲರಿಗಿಂತ ಮೊದಲು ಬರುವವರು ಸೆಂಟ್ರಿಂಗ್ ಮೇಸ್ತ್ರಿ. ಕಂಬ ನಿಲ್ಲಿಸಿ, ಹಲಗೆ ಹಾಸಿ, ಬೆಣೆ ಬಡಿದು ಅವರು ಮರದಲ್ಲೊಂದು ಅಚ್ಚು ಕಟ್ಟಿಕೊಟ್ಟರೆ ಅದರ ಮೇಲೆ ಉಳಿದವರು ಕಾಂಕ್ರೀಟು ಸುರಿಯುತ್ತಾರೆ. ಮೂರು ವಾರ ಕಳೆದು ಸೂರು ಗಟ್ಟಿಯಾದ ಮೇಲೆ ಮೇಸ್ತ್ರಿ ಮತ್ತೆ ಬಂದು, ತಾವು ಕಟ್ಟಿದ್ದನ್ನೆಲ್ಲ ತಾವೇ ಬಿಚ್ಚಿ ಲಾರಿಗೆ ಹೇರುತ್ತಾರೆ. ಅವರು ಅಲ್ಲಿದ್ದರೆಂಬುದಕ್ಕೆ ಸೂರಿನ ಅಡಿಯಲ್ಲಿ ಹಲಗೆಯ ಗೆರೆಗಳು ಉಳಿದಿರುತ್ತವೆ. ಗಾರೆ ಮೆತ್ತಿದರೆ ಅವೂ ಇಲ್ಲ.

ಈ ಕೆಲಸವನ್ನು ನಲವತ್ತು ವರ್ಷ ಮಾಡಿದ ಒಬ್ಬ ಮೇಸ್ತ್ರಿಯ ಕಥೆ ಇದು. ಅವರ ಹೆಂಡತಿ ಮನೆಯಲ್ಲೇ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಆಕೆಯ ನಾಲಗೆ ಆಕೆಯ ಕತ್ತರಿಗಿಂತ ಹರಿತ.

"ನಾನು ಹೊಲಿದ ಚಡ್ಡಿ ಎರಡು ವರ್ಷ ಬಾಳತ್ತೆ ಕಣ್ರೀ. ನೀವು ಕಟ್ಟಿದ್ದು ಎರಡು ತಿಂಗಳೂ ನಿಲ್ಲಲ್ಲ."

"ಬಿಚ್ಚೋಕೆ ಅಂತಾನೇ ಅಲ್ವೇನೇ ಕಟ್ಟೋದು?" ಎಂದು ಮೇಸ್ತ್ರಿ ನಗುತ್ತಿದ್ದರು. ನಕ್ಕರೂ ಆ ಮಾತು ಮುಳ್ಳಿನ ಮೊನೆಯಂತೆ ಒಳಗೇ ಮುರಿದುಕೊಂಡಿತ್ತು. ನಿಲ್ಲುವಂಥದ್ದು ಒಂದನ್ನು, ಒಂದೇ ಒಂದನ್ನು, ಕೈಯಾರೆ ಕಟ್ಟಬೇಕು ಎಂಬ ಆಸೆಯನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಐವತ್ತೆಂಟರ ವಯಸ್ಸಿನಲ್ಲಿ ಏಣಿಯಿಂದ ಜಾರಿ ಸೊಂಟಕ್ಕೆ ಪೆಟ್ಟಾಯಿತು. ಎತ್ತರಕ್ಕೆ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು. ಪರಿಚಯದವರೊಬ್ಬರು ಹೇಳಿ, ಆರ್ಕಿಟೆಕ್ಚರ್ ಕಾಲೇಜಿನ ವರ್ಕ್‌ಶಾಪಿನಲ್ಲಿ ವಿದ್ಯಾರ್ಥಿಗಳ ಮಾದರಿಗಳಿಗೆ ಮರ ಕೊಯ್ದುಕೊಡುವ ಕೆಲಸಕ್ಕೆ ಸೇರಿಸಿದರು. ವರ್ಕ್‌ಶಾಪಿಗೂ ಪಕ್ಕದ ತರಗತಿಗೂ ನಡುವೆ ಇದ್ದದ್ದು ಬರೀ ಪ್ಲೈವುಡ್ಡಿನ ತಡಿಕೆ. ಅದರಾಚೆ ಕಟ್ಟಡಗಳ ಚರಿತ್ರೆಯ ಪಾಠ ನಡೆಯುತ್ತಿತ್ತು. ಗರಗಸದ ಮೋಟರು ನಿಂತಾಗಲೆಲ್ಲ ಮೇಡಂ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಮೇಸ್ತ್ರಿ ಪಾಠದ ಹೊತ್ತಿಗೆ ಮೋಟರನ್ನೇ ಹಾಕದಾದರು. ಆ ಹೊತ್ತಿಗೆ ಸದ್ದಾಗದ ಕೆಲಸ ಹಿಡಿಯುತ್ತಿದ್ದರು. ಉಜ್ಜುವುದು, ಅಂಟಿಸುವುದು, ಮೊಳೆ ಆರಿಸುವುದು.

ಹಾಗೆ ಅವರು ರೋಮ್‌ನ ಗುಮ್ಮಟವನ್ನು ಕೇಳಿದರು. ನೆತ್ತಿಯಲ್ಲಿ ತೆರೆದ ಕಣ್ಣಿನಂಥ ತೂತು. ಸಾವಿರದ ಒಂಬೈನೂರು ವರ್ಷದಿಂದ ನಿಂತಿದೆಯಂತೆ. ಜಪಾನಿನಲ್ಲಿ ಮರದ ಗುಡಿಯೊಂದನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆಂದು ಕೇಳಿ ಅವರ ಎದೆ ತುಸು ಉಬ್ಬಿತು. ಬಿಚ್ಚುವುದಕ್ಕೂ ಒಂದು ಮರ್ಯಾದೆ ಇದೆಯಲ್ಲ! ಆಫ್ರಿಕಾದ ಮಾಲಿ ದೇಶದಲ್ಲಿ ಮಣ್ಣಿನ ದೊಡ್ಡ ಮಸೀದಿಯ ಗೋಡೆಗಳಿಂದ ಮರದ ತೊಲೆಗಳು ಮುಳ್ಳುಹಂದಿಯ ಮುಳ್ಳಿನಂತೆ ಹೊರಚಾಚಿವೆಯಂತೆ. ವರ್ಷವರ್ಷವೂ ಊರಿನವರು ಅವನ್ನೇ ಮೆಟ್ಟಿ ಹತ್ತಿ ಮಣ್ಣು ಮೆತ್ತುತ್ತಾರಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದರು: "ನೋಡು, ಅಲ್ಲಿ ಅಟ್ಟಣೆ ಮರ ಗೋಡೆಯಲ್ಲೇ ಉಳ್ಕೊಂಡಿದೆ."

"ಪುಣ್ಯವಂತರು," ಎಂದು ಆಕೆ ದಾರ ಕಚ್ಚಿ ತುಂಡು ಮಾಡಿದರು.

ಒಂದು ದಿನ ಪಾಠ ಮುಗಿದ ಮೇಲೆ ಮೇಸ್ತ್ರಿ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. "ಮೇಡಂ, ರೋಮ್‌ನ ಆ ಗುಮ್ಮಟಕ್ಕೆ ಕೆಳಗಿನಿಂದ ಮರ ಕೊಟ್ಟವರು ಯಾರು?"

ಹೊರಟಿದ್ದ ಮೇಡಂ ತಿರುಗಿದರು. "ಅದು ಯಾರಿಗೂ ಗೊತ್ತಿಲ್ಲ ಮೇಸ್ತ್ರಿ. ಹೇಗೆ ಕೊಟ್ಟರು ಅನ್ನೋದನ್ನೂ ಊಹೆ ಮಾಡ್ತಾರೆ ಅಷ್ಟೆ."

"ಅಷ್ಟು ಅಗಲಕ್ಕೆ ಒಂದು ಕಾಡೇ ನಿಲ್ಲಿಸಿರಬೇಕು."

ಮರುದಿನದ ಪಾಠವನ್ನು ಮೇಡಂ ಆ ಕಾಡಿನಿಂದಲೇ ಶುರುಮಾಡಿದರು, "ಇದು ನಾನು ಕೇಳಿಕೊಳ್ಳದ ಪ್ರಶ್ನೆ, ವರ್ಕ್‌ಶಾಪಿನಿಂದ ಬಂತು," ಎಂದು ಹೇಳಿ. ಅಂದಿನಿಂದ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಮೇಸ್ತ್ರಿಗೆ ಮೀಸಲಾಯಿತು.

ಆ ಕುರ್ಚಿಯಲ್ಲಿ ಕೂತೇ ಅವರು ಈಜಿಪ್ಟಿನ ಉಗ್ರಾಣಗಳನ್ನು ಕಂಡರು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿಟ್ಟಂಥ ಕಮಾನಿನ ಸೂರುಗಳು. ಸುಡದ ಹಸಿ ಇಟ್ಟಿಗೆಯವು, ಮೂರು ಸಾವಿರ ವರ್ಷ ಹಳೆಯವು. "ಆ ಕಡೆ ಮರವೇ ದುರ್ಲಭ," ಎಂದರು ಮೇಡಂ. "ಹಾಗಾಗಿ ಸೆಂಟ್ರಿಂಗ್ ಇಲ್ಲದೆ ಕಟ್ಟೋದನ್ನ ಕಲಿತರು."

ಮೇಸ್ತ್ರಿ ಎದ್ದು ನಿಂತರು. "ಸೆಂಟ್ರಿಂಗ್ ಇಲ್ಲದೆ ಕಮಾನಾ? ಆಗಲ್ಲ ಮೇಡಂ."

"ಕಟ್ಟಿ ನೋಡೋಣ್ವಾ?"

ವಿದ್ಯಾರ್ಥಿಗಳು ಹೋ ಎಂದರು. ಕಾಲೇಜಿನ ಹಿತ್ತಿಲಲ್ಲಿ ತೋಟದ ಸಲಕರಣೆ ಇಡಲೆಂದು ಗೋಡೆಯಷ್ಟೇ ಎದ್ದ ಕೋಣೆಯೊಂದಿತ್ತು. ಪ್ರಿನ್ಸಿಪಾಲರು ಬೇಡವೆನ್ನಲಿಲ್ಲ, ಆದರೆ ಗಡುವು ಹಾಕಿದರು. ಟರ್ಮ್ ಮುಗಿಯುವುದರೊಳಗೆ ಸೂರು ನಿಲ್ಲದಿದ್ದರೆ ತಗಡಿನ ಶೀಟು ಹೊದಿಸುವುದೇ ಸೈ. ಕಟ್ಟುವ ಮುಂದಾಳು ಮೇಸ್ತ್ರಿಯೇ ಎಂದು ಮೇಡಂ ಹೇಳಿದಾಗ ಅವರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಿಂತರೆ, ಬಿಚ್ಚಬೇಕಿಲ್ಲದ ಅವರ ಮೊದಲ ಕೆಲಸ ಅದು.

ಹೆಂಡತಿ ಬೆಳಗ್ಗೆ ಡಬ್ಬಿ ಕಟ್ಟುತ್ತಾ ಕೇಳಿದರು: "ಗಾಳಿಗೋಪುರ ಕಟ್ಟೋಕೂ ಸೆಂಟ್ರಿಂಗ್ ಬೇಕೇನ್ರೀ?"

ಕ್ರಮ ಸರಳ. ಹಿಂದಿನ ಗೋಡೆ ಸೂರಿಗಿಂತ ಎತ್ತರ. ಹಸಿ ಇಟ್ಟಿಗೆಯ ಮೊದಲ ಕಮಾನಿನ ಸಾಲನ್ನು ಅದಕ್ಕೆ ಒರಗಿಸಿ ಮಣ್ಣಿನಿಂದ ಅಂಟಿಸಬೇಕು. ಎರಡನೆಯದು ಮೊದಲನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ. ಶೆಲ್ಫಿನಲ್ಲಿ ಪುಸ್ತಕಗಳು ಒಂದಕ್ಕೊಂದು ವಾಲಿ ಕೂತಂತೆ. ನಾಲ್ಕು ಸಾಲು ಹಾಗೇ ಆದವು. ಮೇಡಂ ಪರೀಕ್ಷೆಯ ಕೆಲಸಕ್ಕೆಂದು ಒಂದು ವಾರ ಬೇರೆ ಕಾಲೇಜಿಗೆ ಹೋದರು.

ಆ ವಾರದಲ್ಲಿ ಮೇಸ್ತ್ರಿಯ ಕೈ ಮೇಸ್ತ್ರಿಯ ಮಾತು ಕೇಳಲಿಲ್ಲ. ಗಾಳಿಯಲ್ಲಿ ವಾಲಿಕೊಂಡ ಇಟ್ಟಿಗೆಯ ಕೆಳಗೆ ಏನೂ ಇಲ್ಲದ್ದನ್ನು ನೋಡಿ ನೋಡಿ, ಊಟದ ವಿರಾಮದಲ್ಲಿ ಪ್ಲೈವುಡ್ಡಿನ ಕಮಾನು ಕೊಯ್ದು, ನಾಲ್ಕು ಕಂಬ ಕೊಟ್ಟು, ಬೆಣೆ ಬಡಿದುಬಿಟ್ಟರು. "ಭದ್ರತೆಗೆ," ಎಂದರು ವಿದ್ಯಾರ್ಥಿಗಳಿಗೆ. ಮೇಲೆ ಕೆಲಸ ಓಡಿತು. ವಾಲಿಸುವ ಗೋಜಿಲ್ಲ, ಇಟ್ಟಿಗೆ ನೆಟ್ಟಗೆ ಇಡುತ್ತಾ ಹೋದರಾಯಿತು. ಸೂರು ಮುಚ್ಚಿತು.

ನಾಲ್ಕು ದಿನ ಒಣಗಲು ಬಿಟ್ಟು, ಎಲ್ಲರನ್ನೂ ಹೊರಗೆ ನಿಲ್ಲಿಸಿ, ಹಗ್ಗ ಕಟ್ಟಿ ದೂರದಿಂದ ಬೆಣೆ ಎಳೆದರು. ಮರ ಇಳಿಯಿತು. ಒಂದು ಕ್ಷಣ ಸೂರು ಯೋಚನೆ ಮಾಡಿದಂತೆ ನಿಂತಿತು. ಆಮೇಲೆ ನೆಟ್ಟಗಿಟ್ಟ ಭಾಗವೆಲ್ಲ ಧೊಪ್ಪನೆ ಕೆಳಗೆ. ಹಿಂದಿನ ಗೋಡೆಗೆ ಒರಗಿದ ಮೊದಲ ನಾಲ್ಕು ಸಾಲು ಮಾತ್ರ ಅಲ್ಲೇ ಇದ್ದವು, ಏನೂ ಆಗಿಲ್ಲವೆಂಬಂತೆ.

ಅಂದೇ ವಾಪಸಾಗಿದ್ದ ಮೇಡಂ ಸದ್ದು ಕೇಳಿ ಓಡಿಬಂದಾಗ ವಿದ್ಯಾರ್ಥಿಗಳು ಮುಂದಾದರು. "ಮಣ್ಣು ಸರಿ ಇರ್ಲಿಲ್ಲ ಮೇಡಂ."

"ಮಣ್ಣಿನ ಮೇಲೆ ಹಾಕ್ಬೇಡ್ರಪ್ಪ," ಎಂದರು ಮೇಸ್ತ್ರಿ. "ನಾನು ಕೆಳಗೆ ಮರ ಕೊಟ್ಟೆ. ಮಣ್ಣು ಒಣಗ್ತಾ ಕುಗ್ಗತ್ತೆ, ಮರ ಕುಗ್ಗಲ್ಲ. ಬಿರುಕು ಬಿಟ್ಟಿದೆ, ಮರ ಅದನ್ನ ಮುಚ್ಚಿಟ್ಟಿದೆ."

"ಬೀಳತ್ತೆ ಅಂತ ಭಯ ಆಯ್ತಾ?"

ಮೇಸ್ತ್ರಿ ಬಿದ್ದ ಇಟ್ಟಿಗೆಗಳನ್ನು ನೋಡುತ್ತಾ ನಿಧಾನವಾಗಿ ಹೇಳಿದರು. "ಬೀಳದೇ ಇದ್ರೆ ಅನ್ನೋ ಭಯ ಮೇಡಂ. ಮರ ಇಲ್ಲದೇನೇ ನಿಲ್ಲೋದಾದ್ರೆ ನನ್ನ ನಲವತ್ತು ವರ್ಷ ಯಾಕೆ ಬೇಕಿತ್ತು?"

ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಟ್ಟಿಗೆ ಆರಿಸತೊಡಗಿದರು. "ಪುಡಿಯಾಗಿರೋದನ್ನ ಮತ್ತೆ ಕಲಸೋಣ. ಇನ್ನು ಹನ್ನೊಂದು ದಿನ ಇದೆ. ಈಗ ಎಷ್ಟು ವಾಲಿಸಬೇಕು ಅಂತ ನೀವೇ ಹೇಳಿ, ನನಗೆ ಗೊತ್ತಿರೋದು ಚಿತ್ರ ಮಾತ್ರ."

ಮೇಸ್ತ್ರಿ ಉಳಿದ ನಾಲ್ಕು ಸಾಲಿನ ಮುಂದೆ ಒಂದು ಇಡೀ ಬೆಳಗ್ಗೆ ನಿಂತರು. ಇಟ್ಟಿಗೆಯ ಮೈಗೆ ಅಂಗೈ ಒತ್ತಿ, ತೂಕ ಎತ್ತ ಹರಿಯುತ್ತದೆಂದು ನೋಡಿದರು. ಅದು ಕೆಳಕ್ಕಲ್ಲ, ಹಿಂದಕ್ಕೆ, ಗೋಡೆಗೆ ಹೋಗುತ್ತಿತ್ತು. ತೂಕ ಎಲ್ಲಿ ಹೋಗುತ್ತದೆಂದು ಅಂಗೈಯಲ್ಲಿ ತಿಳಿಯುವುದನ್ನು ಅವರಿಗೆ ಕಲಿಸಿದ್ದು ಆ ನಲವತ್ತು ವರ್ಷವೇ. ಮೊಳೆ, ಬೆಣೆ, ಹಲಗೆಗಳನ್ನು ವರ್ಕ್‌ಶಾಪಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಮೇಡಂ ಕೈಗೆ ಕೊಟ್ಟರು. "ನಾನು ಕೇಳಿದ್ರೂ ಕೊಡಬೇಡಿ. ಹಳೇ ಚಾಳಿ."

ನಾಲ್ಕು ದಿನದಲ್ಲಿ ಕಮಾನು ಮುಗಿಯಿತು. ಆರು ದಿನ ಒಣಗಿತು. ಕೊನೆಯ ದಿನ ಪ್ರಿನ್ಸಿಪಾಲರ ಎದುರಿಗೆ ಏಳು ಜನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸೂರು ಹತ್ತಿ ನಿಂತರು. ಮೇಸ್ತ್ರಿ ಒಳಗೆ, ಸರಿಯಾಗಿ ಅವರ ಕಾಲಡಿಯಲ್ಲಿ.

ಸೂರು ನೋಡಲೆಂದು ಬಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೌಹಾರಿದರು. "ರೀ, ಆಚೆ ಬನ್ರೀ! ಮೇಲೆ ಏಳು ಜನ ಇದ್ದಾರೆ!"

"ಗೊತ್ತು ಕಣೇ. ನೀನೇ ಒಳಗೆ ಬಾ."

ಆಕೆ ಗೊಣಗುತ್ತಲೇ ಬಂದರು. ತಲೆಯೆತ್ತಿ ನೋಡಿದರು. ಹೊಲಿಗೆ ನೋಡಿ ನೋಡಿ ಪಳಗಿದ ಕಣ್ಣು ಇಟ್ಟಿಗೆಯ ಸಂದುಗಳ ಮೇಲೆ ಓಡಿತು. "ಎಲ್ಲಾ ಸಾಲೂ ಓರೆಯಾಗಿದೆಯಲ್ರೀ! ಯಾಕೆ ಹೀಗೆ?"

"ಅದು ದೊಡ್ಡ ಕಥೆ. ಈಜಿಪ್ಟಿನಿಂದ ಶುರು ಮಾಡ್ಬೇಕು."

"ಮಾಡಿ. ಒಳಗೆ ತಂಪಾಗಿದೆ," ಎಂದು ಆಕೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮೇಲಿನವರು ಇಳಿದರು, ಪ್ರಿನ್ಸಿಪಾಲರು ತಗಡಿನ ಅಂಗಡಿಗೆ ಫೋನು ಮಾಡಿ ಶೀಟು ಬೇಡವೆಂದರು. ಒಳಗೆ ಮೇಸ್ತ್ರಿ, ಮರವಿಲ್ಲದ ಆ ದೇಶದವರು ಉಗ್ರಾಣಕ್ಕೆ ಸೂರು ಹಾಕಲು ಎಷ್ಟು ತಲೆ ಓಡಿಸಿರಬೇಕೆಂದು ಹೇಳುತ್ತಲೇ ಇದ್ದರು. ಸಂದುಗಳನ್ನು ಕೈಯಿಂದ ಒಂದೊಂದಾಗಿ ತೋರಿಸುತ್ತಾ ಮೂರನೆಯ ಸಾಲಿಗೆ ಬಂದಿದ್ದರು.